ಕೋವಿಯ ಮೇಲಿನ ಅಂಕೆ

ಶಾಸನಗಳನ್ನು ಓದುವವರಿಗೆ ಚಿರಪರಿಚಿತವಾದ ತೊಡಕೊಂದುಂಟು. ಕಲ್ಲಿನ ಮೇಲೆ ವರ್ಷದ ಅಂಕೆಯೇನೋ ಸ್ಪಷ್ಟವಾಗಿರುತ್ತದೆ. ಆದರೆ ಅದು ಶಕವರ್ಷವೋ, ಚಾಲುಕ್ಯ ವಿಕ್ರಮವರ್ಷವೋ, ಅರಸನು ಪಟ್ಟವೇರಿದಂದಿನಿಂದ ಎಣಿಸಿದ ವರ್ಷವೋ ಎಂಬುದು ತಿಳಿಯದ ಹೊರತು ಕಾಲನಿರ್ಣಯ ಸಾಧ್ಯವಿಲ್ಲ. ಚೀನಾ ದೇಶದ ಕೋವಿಗಳ ಹೆಸರನ್ನು ಓದುವವರಿಗೂ ಇದೇ ತೊಡಕು ಎದುರಾಗುತ್ತದೆಂದರೆ ವಾಚಕರಿಗೆ ಆಶ್ಚರ್ಯವಾದೀತು.

'ಹಾನ್‌ಯಾಂಗ್ 88' ಎಂಬುದು ಅಲ್ಲಿಯ ಹಳೆಯ ಕೋವಿ. ಈ 88 ಚೀನೀಯರ ವರ್ಷವೇ ಅಲ್ಲ. ಜರ್ಮನರು 1888ರಲ್ಲಿ ರೂಪಿಸಿದ ಕೋವಿಯನ್ನು ಹಾನ್‌ಯಾಂಗಿನ ಶಸ್ತ್ರಾಗಾರದಲ್ಲಿ 1895ರಿಂದ ತಯಾರಿಸತೊಡಗಿದರು. ಮಾದರಿಯೊಡನೆ ಅದರ ವರ್ಷವೂ ಎರವಲಾಗಿ ಬಂದಿತು. 1935ರ ಕೋವಿಗೆ '24ನೆಯ ಮಾದರಿ' ಎಂದು ಹೆಸರು. 1912ನ್ನು ಚೀನೀ ಗಣರಾಜ್ಯದ ಮೊದಲನೆಯ ವರ್ಷವೆಂದು ಎಣಿಸಿದರೆ ಲೆಕ್ಕ ಸರಿಹೋಗುತ್ತದೆ. ಮುಂದೆ ಅದಕ್ಕೆ ಚಿಯಾಂಗ್ ಕೈ-ಷೇಕರ ಹೆಸರನ್ನೇ ಇಟ್ಟರು. ಅವರನ್ನು ಎದುರಿಸಿ ಬಂದ ಜಪಾನೀಯರ ಕೈಯಲ್ಲಿದ್ದುದು '38' ಮತ್ತು '99'. ಮೊದಲನೆಯದು ಮೇಜಿ ಚಕ್ರವರ್ತಿಯ ಆಳಿಕೆಯ 38ನೆಯ ವರ್ಷ, ಎಂದರೆ 1905. ಎರಡನೆಯದು ಪುರಾಣಪ್ರಸಿದ್ಧನಾದ ಆದಿಚಕ್ರವರ್ತಿಯಿಂದ ಎಣಿಸಿದ 2599ನೆಯ ವರ್ಷ, ಎಂದರೆ 1939. ಒಂದೇ ರಣರಂಗದಲ್ಲಿ ನಾಲ್ಕು ಪಂಚಾಂಗಗಳು!

1949ರಲ್ಲಿ ಅಧಿಕಾರಕ್ಕೆ ಬಂದ ಹೊಸ ಸರ್ಕಾರ ಕ್ರಿಸ್ತಶಕವನ್ನು ಸ್ವೀಕರಿಸಿತು. ವ್ಯಕ್ತಿಯ ಹೆಸರು ಹೋಯಿತು. ವರ್ಷದ ಕೊನೆಯ ಎರಡಂಕೆಗಳು ಮಾತ್ರ ಉಳಿದವು. 53, 56, 63, 81 ಎಂಬಿವೆಲ್ಲ ಹೀಗೆ ಬಂದವು. ತೊಡಕು ಇಷ್ಟಕ್ಕೇ ಬಗೆಹರಿಯಿತೆಂದು ತಿಳಿಯಬೇಡಿ. ರಷ್ಯದಲ್ಲಿ 1944, 1945, 1947 ಎಂದು ಬೇರೆಬೇರೆ ವರ್ಷಗಳ ಗುರುತು ಹೊತ್ತಿದ್ದ ಹಗುರ ಮೆಷಿನ್‌ಗನ್, ಸಿಮೊನೊವ್ ಕೋವಿ, ಕಲಾಷ್ನಿಕೊವ್ ಇವು ಮೂರಕ್ಕೂ ಚೀನಾದಲ್ಲಿ ದೊರೆತ ಅಂಕೆ ಒಂದೇ: 56. ಅವು ಸಿಡಿಸುವ ತೋಟೆಗೂ ಅದೇ ಅಂಕೆ. ಸಾಲದುದಕ್ಕೆ ಅನೇಕ ಕೋವಿಗಳ ಮೇಲೆ ತ್ರಿಕೋಣದೊಳಗೆ 66 ಎಂಬ ಗುರುತೂ ಇರುತ್ತದೆ. ಅದು ವರ್ಷವಲ್ಲ, ಕಾರ್ಖಾನೆಯ ಸಂಖ್ಯೆ.

ಈಚಿನ ಹೆಸರುಗಳಲ್ಲಿ ಅಕ್ಷರಗಳೂ ಸೇರಿವೆ. 'ಕ್ಯೂ ಬಿ ಜೆಡ್ 95' ಎಂಬುದರಲ್ಲಿ 'ಕ್ಯೂ' ಎಂದರೆ 'ಚಿಂಗ್', ಹಗುರವಾದ ಆಯುಧ. 'ಬಿ' ಎಂದರೆ 'ಬು', ಕಾಲಾಳಿನ ಕೋವಿ. 'ಜೆಡ್' ಎಂದರೆ 'ತ್ಸು', ತಾನಾಗಿ ನಡೆಯುವುದು. 1997ರಲ್ಲಿ ಹಾಂಗ್‌ಕಾಂಗ್ ಪ್ರವೇಶಿಸಿದ ಚೀನೀ ಸೈನಿಕರ ಕೈಯಲ್ಲಿ ಲೋಕವು ಇದನ್ನು ಕಂಡಿತು. 2019ರ ಅಕ್ಟೋಬರ್ 1ರ ಪಥಸಂಚಲನದಲ್ಲಿ ಕಾಣಿಸಿಕೊಂಡುದು '191'. ಇಲ್ಲಿ 19 ವರ್ಷ, ಕೊನೆಯದು ಬಗೆ. ಗಿಡ್ಡ ಕೋವಿಗೆ '192' ಎಂದು ಹೆಸರು.

ಇದೆಲ್ಲ ನಮಗೇಕೆ ಎನ್ನುವಿರಾ? 1962ರಲ್ಲಿ ಹಿಮಾಲಯದ ನೆತ್ತಿಯ ಮೇಲೆ, ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಾಗಿದ್ದ 303 ಕೋವಿ ಹಿಡಿದು ನಿಂತ ನಮ್ಮ ಜವಾನರಿಗೆ, ಬೋಲ್ಟಿನ ಹಂಗಿಲ್ಲದೆ ಗುಂಡಿನ ಮೇಲೆ ಗುಂಡು ಹಾರಿಸುವ ಈ 56 ಎದುರಾಗಿತ್ತು. ಆ ಎರಡಂಕೆಗಳ ಅರ್ಥವನ್ನು ಅವರು ಪುಸ್ತಕದಿಂದ ಕಲಿತವರಲ್ಲ.

ಆದುದರಿಂದ ದೂರದ ಯಾವುದೋ ಕಾಳಗದಲ್ಲಿ '56' ದೊರೆಯಿತೆಂದು ಪತ್ರಿಕೆಯಲ್ಲಿ ಓದಿದಾಗ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು: ಮೂರರಲ್ಲಿ ಯಾವುದು? ಯಾವಾಗ ತಯಾರಾದುದು? ಆ ಅಂಕೆ ಹೇಳುವುದು ಮಾದರಿ ಹುಟ್ಟಿದ ವರ್ಷವನ್ನಷ್ಟೇ. ಆ ಕೋವಿ ಯಾವ ವರ್ಷ, ಯಾರ ಕೈಯಿಂದ, ಯಾರ ಮನೆಯ ದೀಪವನ್ನು ಆರಿಸಿತೆಂಬುದನ್ನು ಅದರ ಮೇಲೆ ಯಾರೂ ಕೆತ್ತುವುದಿಲ್ಲ. ನಮ್ಮ ಊರುಗಳ ವೀರಗಲ್ಲುಗಳಾದರೋ ಸತ್ತವನ ಹೆಸರನ್ನೂ ಹೇಳುತ್ತವೆ.