‘ಅಡ್ಜಸ್ಟ್’ ಅಂದ್ರೆ ಏನು?

 

ಮೊನ್ನೆ ಇಂಗ್ಲಿಷ್ ಮಿಸ್ ಪಾಠ ಮಾಡುವಾಗ, ‘ರನ್’ ಎಂಬ ಸಣ್ಣ ಪದಕ್ಕೆ ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟಿನಲ್ಲಿ 600ಕ್ಕೂ ಹೆಚ್ಚು ಅರ್ಥಗಳಿವೆ ಎಂದು ಹೇಳಿದರು. ನಮಗೆ ಗೊತ್ತಿದ್ದದ್ದು ಎರಡೇ, ಓಡುವುದು ಮತ್ತು ಕ್ರಿಕೆಟ್ಟಿನ ರನ್ನು. ನಾವು ದಿನಾ ಆಡುವ ಇಂಗ್ಲಿಷ್ ಪದಗಳಲ್ಲಿ ಅಂಥದ್ದು ಯಾವುದಿದೆ ಅಂತ ಯೋಚನೆ ಮಾಡಿದೆ. ಹೊಳೆದದ್ದು ‘ಅಡ್ಜಸ್ಟ್’. ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಅನ್ನೋದು ಬೆಂಗಳೂರಿನವರ ಮಾತು ಅಂತಾನೇ ಹೆಸರಾಗಿದೆ. ಒಂದು ಭಾನುವಾರ ನಾನು ಅದನ್ನು ಕೇಳಿದಾಗೆಲ್ಲ ಚೀಟಿಯಲ್ಲಿ ಗೀಟು ಹಾಕಿದೆ. ರಾತ್ರಿ ಎಣಿಸಿದರೆ 11 ಗೀಟು!

ಬೆಳಿಗ್ಗೆ ಯಲಹಂಕದಿಂದ ಹೆಬ್ಬಾಳಕ್ಕೆ ಹೋಗುವ ಬಸ್ಸಿನಲ್ಲಿ ನಾನೂ ಅಮ್ಮನೂ ಕೂತಿದ್ದೆವು. ಇಬ್ಬರ ಸೀಟಿಗೆ ಒಬ್ಬ ಅಜ್ಜಿ ಬಂದು, ‘ಒಸಿ ಅಡ್ಜಸ್ಟ್ ಮಾಡ್ಕೊಳ್ರವ್ವ’ ಅಂದರು. ಇಲ್ಲಿ ಅದರ ಅರ್ಥ ‘ಸರಿದು ಕೂತ್ಕೊಳ್ಳಿ’. ಅಂಗಡಿಯಲ್ಲಿ ಚಿಲ್ಲರೆ ಬದಲು ಚಾಕಲೇಟ್ ಕೊಟ್ಟು, ‘ಅಡ್ಜಸ್ಟ್ ಮಾಡ್ಕೋ ಪುಟ್ಟ’ ಅಂದರು. ಇಲ್ಲಿ ‘ದುಡ್ಡು ಕೇಳಬೇಡ’ ಅಂತ ಅರ್ಥ. ಪಕ್ಕದ ಮನೆ ಅಣ್ಣ ಅಪ್ಪನ ಹತ್ತಿರ ‘ಐನೂರು ಅಡ್ಜಸ್ಟ್ ಮಾಡಣ್ಣ’ ಅಂದ, ಅಂದರೆ ಸಾಲ ಕೊಡು ಅಂತ. ಲಂಚ ಕೇಳುವವರೂ ಹೀಗೇ ಕೇಳ್ತಾರಂತೆ. ಸೈಕಲ್ ಶಾಪಿನ ಮಾಮ ಮಾತ್ರ ‘ಬ್ರೇಕ್ ಅಡ್ಜಸ್ಟ್ ಮಾಡ್ತೀನಿ’ ಅಂದು ನಿಜವಾಗಿ ಬ್ರೇಕ್ ಸರಿ ಮಾಡಿಕೊಟ್ಟರು. ನಿಘಂಟಿನಲ್ಲಿ ಇರುವ ಅರ್ಥವೂ ಅದೇ: ಸರಿಪಡಿಸು, ಸರಿಹೊಂದಿಸು, ಹೊಂದಿಕೊಳ್ಳು.

ಹೊಂದಿಕೊಳ್ಳುವುದು ಒಳ್ಳೆಯ ಗುಣ ಅಲ್ಲವೇ ಎಂದು ನೀವು ಕೇಳಬಹುದು. ಹೌದು, ನಾನೂ ಒಪ್ಪುತ್ತೇನೆ. ನಮ್ಮ ತರಗತಿಯಲ್ಲಿ ಮೂರು ಜನರ ಬೆಂಚಿನಲ್ಲಿ ನಾಲ್ಕು ಜನ ಕೂರುತ್ತೇವೆ, ಜಗಳ ಆಡಿಲ್ಲ. ಯಲಹಂಕದ ವಾಯುನೆಲೆಯಲ್ಲಿ 1996ರಿಂದ ಎರಡು ವರ್ಷಕ್ಕೊಮ್ಮೆ ವಿಮಾನಗಳ ಪ್ರದರ್ಶನ ನಡೆಯುತ್ತದೆ. 2025ರಲ್ಲಿ ಅದು ನಡೆದಾಗ ಸುತ್ತ 13 ಕಿಲೋಮೀಟರ್ ಒಳಗೆ ಮಾಂಸದ ಅಂಗಡಿ ತೆರೆಯಬಾರದು ಎಂದು ನಗರ ಪಾಲಿಕೆ ಹೇಳಿತ್ತು. ಮಾಂಸದ ಚೂರಿಗೆ ಹದ್ದುಗಳು ಬರುತ್ತವೆ, ಅವು ವಿಮಾನಕ್ಕೆ ಬಡಿದರೆ ಅಪಾಯ. ಅಂಗಡಿಯವರಿಗೆ ವ್ಯಾಪಾರ ಹೋಯಿತು. ಆದರೆ ಯಾಕೆ ಅಂತ ಹೇಳಿದ್ದರು, ಯಾವ ತಾರೀಕಿನವರೆಗೆ ಅಂತಲೂ ಹೇಳಿದ್ದರು.

ಯಾಕೆ, ಎಲ್ಲಿಯವರೆಗೆ ಅಂತ ಹೇಳದೆ ‘ಅಡ್ಜಸ್ಟ್ ಮಾಡ್ಕೋ’ ಅಂದರೆ ಏನು ಮಾಡೋದು? ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಅಕ್ಕನೇ ಓದಿ ‘ಬರಿ’ ಅಂದಳು. ಅಕ್ಕ ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಪಿಯುಸಿಗೆ ಸೇರುವ ಹೊತ್ತಿಗೆ ಮನೆಯಲ್ಲಿ ದುಡ್ಡಿನ ತೊಂದರೆ ಆಯಿತು. ‘ಈ ವರ್ಷ ಒಂದು ಅಡ್ಜಸ್ಟ್ ಮಾಡ್ಕೋ ಮಗಳೇ’ ಅಂದರು ಅಪ್ಪ. ಅಕ್ಕ ಗಾರ್ಮೆಂಟ್ಸ್‌ಗೆ ಸೇರಿದಳು. ಆ ‘ಈ ವರ್ಷ’ಕ್ಕೆ ಈಗ ಎರಡು ವರ್ಷ. ಅಣ್ಣನಿಗೆ ಮಾತ್ರ ಯಾರೂ ಆ ಪದ ಹೇಳಲಿಲ್ಲ. ಅವನು ಕಾಲೇಜಿಗೆ ಹೋಗುತ್ತಾನೆ.

ಮಕ್ಕಳ ಶಿಕ್ಷಣ ಹಕ್ಕಿನ ಕಾಯ್ದೆ 2010ರಿಂದ ಜಾರಿಯಲ್ಲಿದೆ ಎಂದು ಸಮಾಜ ಮೇಷ್ಟ್ರು ಹೇಳಿದ್ದಾರೆ. ಅದು 6ರಿಂದ 14 ವರ್ಷದ ಮಕ್ಕಳಿಗೆ. ನನಗೀಗ 13. ಅದಕ್ಕೇ ನನಗೆ ಈ ಪದ ಕೇಳಿದರೆ ಸ್ವಲ್ಪ ಭಯ.

ಹೋದ ವಾರ ಊಟ ಮಾಡುವಾಗ ಅಪ್ಪನನ್ನು ಕೇಳಿದೆ, ‘ಅಪ್ಪಾ, ಅಕ್ಕ ಅಡ್ಜಸ್ಟ್ ಮಾಡ್ಕೊಂಡ್ಲು ಅಂತೀರಲ್ಲ, ಅದನ್ನ ಕನ್ನಡದಲ್ಲಿ ಹೇಗೆ ಹೇಳ್ತಾರೆ?’ ಅಪ್ಪ ‘ಹೊಂದ್ಕೊಂಡ್ಲು’ ಅಂದರು. ‘ಹೊಂದ್ಕೊಂಡ್ಲಾ, ಓದು ಬಿಟ್ಲಾ?’ ಅಂದೆ. ಅಮ್ಮ ನನ್ನನ್ನು ಗದರಿದರು. ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, ‘ನಾವೇ ಬಿಡಿಸಿದ್ವಿ’ ಅಂದರು. ನಮ್ಮಪ್ಪ ಕೆಟ್ಟವರಲ್ಲ. ಆ ಮಾತನ್ನು ಅವರು ಅವತ್ತಿನವರೆಗೆ ಯಾವತ್ತೂ ಹೇಳಿರಲಿಲ್ಲ, ಅಷ್ಟೆ.

ಅದಕ್ಕೇ ನನ್ನ ಅಭಿಪ್ರಾಯ ಏನೆಂದರೆ, ಸರಿದು ಕೂರು ಅನ್ನಬೇಕಾದರೆ ಸರಿದು ಕೂರು ಅನ್ನೋಣ. ಸಾಲ ಬೇಕಾದರೆ ಸಾಲ ಅನ್ನೋಣ. ಓದು ಬಿಡು ಅನ್ನಬೇಕಾದರೆ ಓದು ಬಿಡು ಅಂತಲೇ ಬಾಯಿಬಿಟ್ಟು ಹೇಳಲಿ, ಆಗ ಹೇಳುವವರಿಗೇ ನಾಲಿಗೆ ತಡೆಯುತ್ತದೆ. ‘ಅಡ್ಜಸ್ಟ್’ ಪದವನ್ನು ಸೈಕಲ್ ಬ್ರೇಕಿಗೆ ಬಿಟ್ಟುಬಿಡೋಣ.

ಮುಂದಿನ ಜೂನ್‌ನಲ್ಲಿ ಅಕ್ಕನನ್ನು ಕಾಲೇಜಿಗೆ ಸೇರಿಸ್ತೀರಾ ಅಂತಲೂ ಅಪ್ಪನನ್ನು ಕೇಳಿದೆ. ‘ನೋಡೋಣ’ ಅಂದಿದ್ದಾರೆ. ‘ನೋಡೋಣ’ ಕನ್ನಡ ಪದವೇ ಆದರೂ ಅದಕ್ಕೂ ಬಹಳ ಅರ್ಥಗಳಿವೆ. ಅಪ್ಪ ಹೇಳಿದ್ದು ಯಾವ ಅರ್ಥ ಎಂದು ತಿಳಿದ ಮೇಲೆ ಇನ್ನೊಂದು ಸಂಚಿಕೆಯಲ್ಲಿ ಬರೆಯುತ್ತೇನೆ.

ತಪ್ಪಿದ್ದರೆ ಕ್ಷಮಿಸಿ.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ