ದಡ ದಾಟಿದವರಿಗೂ ನ್ಯಾಯ ಬೇಕು
ಈ ವಾರ ಹಾರಂಗಿ ಅಣೆಕಟ್ಟೆಯ ಮುಂದೆ ನಿಂತಿದ್ದೆ. ಗೇಟಿನಿಂದ ಧುಮುಕಿದ ನೀರು ನೊರೆಯೆದ್ದು, ತುಂತುರು ಮುಖಕ್ಕೆ ರಾಚುತ್ತಿತ್ತು. ಆ ನೀರು ಕೂಡಿಗೆಯಲ್ಲಿ ಕಾವೇರಿ ಸೇರಿ ಬಂಗಾಳ ಕೊಲ್ಲಿಯತ್ತ ಹರಿಯುತ್ತದೆ. ದಾರಿಯುದ್ದಕ್ಕೂ ಎಲ್ಲಿ ಕೊಲೆಯಾದರೂ ಯಾವುದೋ ಒಂದು ಪೊಲೀಸ್ ಠಾಣೆಯ ಸರಹದ್ದು ಇದ್ದೇ ಇರುತ್ತದೆ. ಕಡಲಿಗಿಳಿದ ಮೇಲೆ ಆ ಭರವಸೆ ತೆಳುವಾಗುತ್ತಾ ಹೋಗುತ್ತದೆ. 1976ರ ಕಡಲ ವಲಯ ಕಾಯ್ದೆಯಂತೆ ನಮ್ಮ ಸಾರ್ವಭೌಮ ಅಧಿಕಾರ ತೀರದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ.ವರೆಗೆ. ಭಾರತದಲ್ಲಿ ನೋಂದಣಿಯಾದ ಹಡಗು ಎಲ್ಲಿದ್ದರೂ ಅದರೊಳಗಿನ ಅಪರಾಧಕ್ಕೆ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ. ಆದರೆ ಗುಂಡು ಹಾರಿಸಿದವರು ವಿದೇಶಿ ಹಡಗಿನಲ್ಲಿದ್ದರೆ? 2012ರ ಫೆಬ್ರವರಿ 15ರಂದು ಕೇರಳ ತೀರದಿಂದ 20.5 ನಾಟಿಕಲ್ ಮೈಲಿ ಆಚೆ ಆದದ್ದು ಅದೇ. ಇಟಲಿಯ ಎನ್ರಿಕಾ ಲೆಕ್ಸಿ ಹಡಗಿನಿಂದ ಬಂದ ಗುಂಡಿಗೆ ಇಬ್ಬರು ಮೀನುಗಾರರು ಸತ್ತರು. ಕೇರಳಕ್ಕೆ ವಿಚಾರಣೆಯ ಅಧಿಕಾರವಿಲ್ಲ, ಕೇಂದ್ರಕ್ಕಿದೆ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗುಂಡು ಹಾರಿಸಿದ ಆರೋಪ ಹೊತ್ತ ಇಟಲಿಯ ನೌಕಾ ಸೈನಿಕರಿಗೆ ವಿನಾಯಿತಿ ಇದೆ, ಭಾರತ ವಿಚಾರಣೆ ನಡೆಸುವಂತಿಲ್ಲ ಎಂದು 2020ರಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ ತೀರ್ಪಿತ್ತಿತು. 10 ಕೋಟಿ ರೂ. ಪರಿಹಾರ ಬಂದು 2021ರಲ್ಲಿ ಇಲ್ಲಿನ ಪ್ರಕರಣ ಮುಗಿಯಿತು. ಒಂಬತ್ತು ವರ್ಷ ಕಳೆದದ್ದು ಯಾರು ವಿಚಾರಿಸಬೇಕೆಂಬ ವಾದದಲ್ಲೇ. ಯಾರು ತಪ್ಪಿತಸ್ಥರೆಂದು ನಮ್ಮ ಯಾವ ಕೋರ್ಟೂ ತೀರ್ಮಾನಿಸಲಿಲ್ಲ. ನಮ್ಮ ಮಲ್ಪೆ, ಮಂಗಳೂರಿನ ಆಳಸಮುದ್ರ ಬೋಟುಗಳೂ ಆ 12 ಮೈಲಿ ದಾಟಿಯೇ ಬಲೆ ಬೀಸುತ್ತವೆ. ಪರಿಹಾರದ ಹಣ ಮನೆ ನಡೆಸೀತು, ನ್ಯಾಯದ ಜಾಗ ತುಂಬಲಾರದು. ದೇಶದೇಶಗಳು ಕೂತು ಮೊದಲೇ ಒಪ್ಪಂದ ಮಾಡಿಕೊಳ್ಳಲಿ: ಕಡಲಲ್ಲಿ ಸತ್ತ ಬಡವನ ಪ್ರಕರಣವನ್ನು ಯಾವುದಾದರೂ ಒಂದು ಕೋರ್ಟು ಬೇಗ ಕೇಳಲೇಬೇಕು.