ಶಾಲೆಯ ಜಗಲಿಯಿಂದ: ಗಂಟೆಯ ಕರೆ, ಹೆಸರಿನ ಮೊರೆ



ಗಣಕಯಂತ್ರದ ವಿಷಯವಾಗಿ ನಾವು ಈ ಅಂಕಣದಲ್ಲಿ ಬರೆದುದು ವಿರಳ. ಅದು ನಮ್ಮ ಅಧಿಕಾರದ ಕ್ಷೇತ್ರವೂ ಅಲ್ಲ. ಆದರೆ ಈ ಮಳೆಗಾಲದಲ್ಲಿ ನಮ್ಮ ಶಾಲೆಯಲ್ಲಿ ನಡೆದ ಒಂದು ಪ್ರಸಂಗವು ಆ ಯಂತ್ರದ ಓದಿನ ಕ್ರಮವನ್ನು ನಾವು ಅರಿಯಲೇಬೇಕಾದ ಪರಿಸ್ಥಿತಿಯನ್ನು ತಂದಿತು. ಅರಿತುದನ್ನು ವಾಚಕರ ಮುಂದಿಡುವುದು ಶಿಕ್ಷಕನ ಧರ್ಮವಲ್ಲವೇ?

ಅಕ್ಕಲಕೋಟ ತಾಲೂಕಿನ ಹಳೆಯ ಶಾಲೆಗಳ ಕಪಾಟಿನಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ದಪ್ಪ ಪುಸ್ತಕವೊಂದು ಇರುತ್ತದೆ. ಅದೇ ಜನರಲ್ ರಜಿಸ್ಟರು. ಅಕ್ಕಲಕೋಟವು 1948ರ ವರೆಗೆ ಸಂಸ್ಥಾನವಾಗಿತ್ತು. ಅನಂತರ ಮುಂಬಯಿ ರಾಜ್ಯಕ್ಕೆ ಸೇರಿತು. 1960ರ ಮೇ 1ರಿಂದ ಮಹಾರಾಷ್ಟ್ರದಲ್ಲಿದೆ. ರಾಜ್ಯಗಳ ಹೆಸರು ಬದಲಾದರೂ ರಜಿಸ್ಟರಿನ ಸಾಲುಗಳು ಮಾತ್ರ ನಿಲ್ಲದೆ ಮುಂದುವರಿದಿವೆ. ನಮ್ಮ ಪುಸ್ತಕದಲ್ಲಿ ಕೆಲವು ಪುಟಗಳು ಕನ್ನಡದಲ್ಲಿವೆ, ಕೆಲವು ಮರಾಠಿಯಲ್ಲಿವೆ. ಕೆಲವೆಡೆ ಒಂದೇ ಸಾಲಿನಲ್ಲಿ ಎರಡೂ ಇವೆ. ಗೆದ್ದಲಿಗೂ ಮಳೆಹನಿಗೂ ಅಂಜಿ, ಇದನ್ನೆಲ್ಲ ಗಣಕಯಂತ್ರಕ್ಕೆ ಏರಿಸಬೇಕೆಂದು ನಾವು ಬಹುದಿನಗಳಿಂದ ಹಂಬಲಿಸುತ್ತಿದ್ದೆವು.

ನಮ್ಮಲ್ಲಿಯೇ ಅಕ್ಷರ ಕಲಿತು, ಸೊಲ್ಲಾಪುರದಲ್ಲಿ ಇಂಜಿನಿಯರಿಂಗ್ ಓದಿದ ಹಳೆಯ ವಿದ್ಯಾರ್ಥಿಯೊಬ್ಬನು ಈ ಕೆಲಸವನ್ನು ಪ್ರೀತಿಯಿಂದ ವಹಿಸಿಕೊಂಡನು. ಎರಡು ಬೇಸಿಗೆ ರಜೆಗಳಲ್ಲಿ ಹುಡುಗರ ನೆರವಿನಿಂದ ರಜಿಸ್ಟರನ್ನು ಬೆರಳಚ್ಚು ಮಾಡಿಸಿ, ಹೆಸರುಗಳ ಅಕಾರಾದಿ ಸೂಚಿಯೊಂದನ್ನು ಸಿದ್ಧಪಡಿಸಿಕೊಟ್ಟನು. ನಾವು ಹಿಗ್ಗಿದೆವು.

ಜುಲೈ ತಿಂಗಳ ಒಂದು ಮಧ್ಯಾಹ್ನ ಸೊಲ್ಲಾಪುರದಿಂದ ವೃದ್ಧೆಯೊಬ್ಬರು ಬಸ್ಸಿನಲ್ಲಿ ಬಂದರು. ನಾಲ್ಕನೆಯ ಇಯತ್ತೆಯವರೆಗೆ ನಮ್ಮ ಶಾಲೆಯಲ್ಲಿ ಕಲಿತು, ಮದುವೆಯಾಗಿ ಸೊಲ್ಲಾಪುರಕ್ಕೆ ಹೋಗಿ, ಬೀಡಿ ಕಟ್ಟುತ್ತ ಬಾಳು ಸಾಗಿಸಿದ ತಾಯಿ. ಶ್ರಾವಣಬಾಳ ಯೋಜನೆಯ ವೇತನಕ್ಕೆ ವಯಸ್ಸು 65 ತುಂಬಿರಬೇಕು. ಅದರ ಆಧಾರಕ್ಕಾಗಿ ಶಾಲೆ ಬಿಟ್ಟ ದಾಖಲೆ ಬೇಕಾಗಿತ್ತು. ನಾವು ಹೊಸ ಸೂಚಿಯನ್ನು ತೆರೆದು ಹುಡುಕಿದೆವು. ಹೆಸರು ಇಲ್ಲ. ಮತ್ತೊಮ್ಮೆ ಹುಡುಕಿದೆವು. ಇಲ್ಲ. “ತಾಯಿ, ನಿಮ್ಮ ಹೆಸರು ಈ ಶಾಲೆಯಲ್ಲಿಲ್ಲ” ಎಂದುಬಿಟ್ಟೆವು.

ಆಕೆ ಬಾಗಿಲಲ್ಲಿ ನಿಂತು, “ಇದ ಗಿಡದ ಬುಡಕ ಕುಂತ ಅಕ್ಷರ ತಿದ್ದೀನ್ರಿ ಗುರುಗಳ, ಇಲ್ಲಂದ್ರ ಹ್ಯಾಂಗ್ರಿ?” ಎಂದು ಕೇಳಿ ಬಸ್ಸಿಗೆ ಹೊರಟುಹೋದರು.

ಆ ಮಾತು ನಮ್ಮನ್ನು ಕುಳಿತುಕೊಳ್ಳಗೊಡಲಿಲ್ಲ. ಸಂಜೆ ಬಟ್ಟೆ ಬಿಚ್ಚಿ ಕಾಗದದ ರಜಿಸ್ಟರನ್ನೇ ತೆರೆದೆವು. ಅರ್ಧ ಗಂಟೆಯಲ್ಲಿ ಹೆಸರು ಸಿಕ್ಕಿತು: ತಂದೆಯ ಹೆಸರು, ಜನ್ಮದಿನಾಂಕ, ಶಾಲೆ ಬಿಟ್ಟ ದಿನ, ಎಲ್ಲವೂ ಸ್ಫುಟವಾದ ಕನ್ನಡದಲ್ಲಿ. ಹಾಗಾದರೆ ಯಂತ್ರವು ಆ ಹೆಸರನ್ನು ನುಂಗಿದುದಾದರೂ ಹೇಗೆ?

ಇದನ್ನು ತಿಳಿಯಲು ಮೊದಲು ಯಂತ್ರಕ್ಕೆ ಬರಹವನ್ನು ಹೇಗೆ ಒಪ್ಪಿಸುತ್ತಾರೆಂಬುದನ್ನು ನೋಡಬೇಕು. ಮನುಷ್ಯನು ಪುಟವನ್ನು ಕಂಡೊಡನೆ ಇದು ಹೆಸರು, ಇದು ಊರು ಎಂದು ಊಹಿಸಬಲ್ಲನು. ಯಂತ್ರಕ್ಕೆ ಊಹೆ ಸಲ್ಲದು. ಆದುದರಿಂದ ಪ್ರತಿಯೊಂದು ಅಂಶದ ಹಿಂದೆ ಮುಂದೆ ಗುರುತು ಹಚ್ಚಬೇಕು. ಸೊನ್ನಲಿಗೆಯ ಸಿದ್ಧರಾಮರ ವಚನಗಳನ್ನು ನೆನೆಯಿರಿ. ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತವು ಬಂದೊಡನೆ ವಚನವು ಮುಗಿಯಿತೆಂದೂ, ಅದು ಯಾರದೆಂದೂ ಕೇಳುವವನಿಗೆ ತಿಳಿಯುತ್ತದೆ. ಯಂತ್ರದ ಗುರುತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆರಂಭಕ್ಕೂ ಒಂದನ್ನು ಬೇಡುತ್ತದೆ. ನಮ್ಮ ರಜಿಸ್ಟರಿನ ಒಂದು ನಮೂನೆ ಹೀಗಿದೆ:

<ವಿದ್ಯಾರ್ಥಿ ಕ್ರಮಾಂಕ="412">
<ಹೆಸರು>ಸಿದ್ಧರಾಮ</ಹೆಸರು>
<ಊರು>ಅಕ್ಕಲಕೋಟ</ಊರು>
</ವಿದ್ಯಾರ್ಥಿ>

ಓರೆಗೆರೆಯಿಲ್ಲದ ಗುರುತು ಆರಂಭದ್ದು, ಓರೆಗೆರೆಯುಳ್ಳದ್ದು ಮುಕ್ತಾಯದ್ದು. ಒಳಗೆ ತೆರೆದದ್ದನ್ನು ಮೊದಲು ಮುಚ್ಚಿ ಹೊರಗಿನದನ್ನು ಆಮೇಲೆ ಮುಚ್ಚಬೇಕು. ಗರ್ಭಗುಡಿಯ ಬಾಗಿಲು ಹಾಕದೆ ಮಹಾದ್ವಾರಕ್ಕೆ ಬೀಗ ಜಡಿಯುವಂತಿಲ್ಲ. ಈ ಬಗೆಯ ಗುರುತುಗಳ ಬೀಜವನ್ನು 1969ರಲ್ಲಿ ಐಬಿಎಂ ಸಂಸ್ಥೆಯಲ್ಲಿ ಗೋಲ್ಡ್‌ಫಾರ್ಬ್, ಮೋಷರ್ ಮತ್ತು ಲೋರಿ ಎಂಬ ಮೂವರು ಬಿತ್ತಿದರು. 1986ರಲ್ಲಿ ಅದರಿಂದ ಅಂತರರಾಷ್ಟ್ರೀಯ ಮಾನಕವೊಂದು ಬೆಳೆಯಿತು. ಅದನ್ನು ಸರಳಗೊಳಿಸಿದ ಎಕ್ಸ್‌ಎಂಎಲ್ ಎಂಬ ರೂಪವು 1998ರ ಫೆಬ್ರುವರಿ 10ರಂದು ಪ್ರಕಟವಾಯಿತು. ಗುರುತುಗಳ ಹೆಸರನ್ನು ಕನ್ನಡದಲ್ಲಿಯೇ ಇಡಲು ಅದರಲ್ಲಿ ಮೊದಲಿನಿಂದಲೂ ಅವಕಾಶವಿದೆಯೆಂಬುದು ನಮಗೆ ಅಭಿಮಾನದ ಸಂಗತಿ. ಇಂಥ ಸಾಲು ಕನ್ನಡ, ಇಂಥದು ಮರಾಠಿ ಎಂದು ಭಾಷೆಯನ್ನು ತಿಳಿಸುವ ಗುರುತು ಸಹ ಅದರಲ್ಲಿದೆ. ಗಡಿನಾಡಿನ ರಜಿಸ್ಟರಿಗೆ ಇದಕ್ಕಿಂತ ಮಿಗಿಲಾದ ಅನುಕೂಲ ಬೇಕೇ?

ಇನ್ನು ಓದುವ ಕ್ರಮ. ಅದರಲ್ಲಿ ಎರಡು ಮುಖ್ಯ ಮಾರ್ಗಗಳಿವೆ. ಮೊದಲನೆಯದು, ಇಡೀ ದಾಖಲೆಯನ್ನು ಒಮ್ಮೆಗೇ ಓದಿ, ಬೇರು, ಕೊಂಬೆ, ಎಲೆಗಳುಳ್ಳ ಮರದಂತೆ ಯಂತ್ರದ ಸ್ಮೃತಿಯಲ್ಲಿ ನಿಲ್ಲಿಸುವುದು. ಆಮೇಲೆ ಬೇಕಾದ ಕೊಂಬೆಯನ್ನು ಬೇಕಾದಾಗ ಹತ್ತಬಹುದು. ಅನುಕೂಲ ಬಹಳ, ಆದರೆ ಮರವು ಬೀಜಕ್ಕಿಂತ ಎಷ್ಟೋ ಪಾಲು ಹೆಚ್ಚು ಸ್ಥಳವನ್ನು ಬೇಡುತ್ತದೆ.

ಎರಡನೆಯದನ್ನು ವಿವರಿಸಲು ನಮ್ಮ ಸೊಲ್ಲಾಪುರದ ಗಡ್ಡಾ ಜಾತ್ರೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮಕರ ಸಂಕ್ರಾಂತಿಯಲ್ಲಿ ನಂದಿಧ್ವಜಗಳು ಬೀದಿಯಲ್ಲಿ ಸಾಗುವಾಗ ನಾವು ಮನೆಯ ಕಟ್ಟೆಯ ಮೇಲೆ ನಿಂತು ನೋಡುತ್ತೇವೆ. ಮೆರವಣಿಗೆಯನ್ನೆಲ್ಲ ಮನೆಯೊಳಕ್ಕೆ ಕರೆತಂದು ನಿಲ್ಲಿಸಿಕೊಳ್ಳುವುದಿಲ್ಲ. ಒಂದು ಧ್ವಜ ಬಂತು, ಕೈಮುಗಿದೆವು, ಹೋಯಿತು, ಮುಂದಿನದು ಬಂತು. ಜಾತ್ರೆಯು ಎಷ್ಟೇ ದೊಡ್ಡದಾದರೂ ಕಟ್ಟೆಯು ಅಷ್ಟೇ ಇದ್ದರೆ ಸಾಕು. ಚಾದರು ನೇಯುವ ನಮ್ಮ ಜಕಾರ್ಡ್ ಮಗ್ಗವೂ ಹೀಗೆಯೇ ತೂತಿನ ಕಾರ್ಡುಗಳನ್ನು ಒಂದೊಂದಾಗಿ ಓದಿ ಮುಂದಕ್ಕೆ ದಾಟಿಸುವುದನ್ನು ನೇಕಾರ ಬಂಧುಗಳು ಬಲ್ಲರು.

ಈ ಮಾರ್ಗದಲ್ಲಿ ಓದುವವನು ಬೇರೆ, ಕೆಲಸ ಮಾಡುವವನು ಬೇರೆ. ನಮ್ಮ ಶಾಲೆಯ ಸಿಪಾಯಿಯನ್ನೇ ನೋಡಿರಿ. ಆತನಿಗೆ ಗಣಿತವೂ ವ್ಯಾಕರಣವೂ ಬೇಕಿಲ್ಲ; ಗಡಿಯಾರ ನೋಡಿ ಗಂಟೆ ಬಾರಿಸುವುದಷ್ಟೇ ಅವನ ಕೆಲಸ. ಯಾವ ಗಂಟೆಗೆ ಯಾರು ಏನು ಮಾಡಬೇಕೆಂಬುದು ವರ್ಷದ ಆರಂಭದಲ್ಲಿಯೇ ವೇಳಾಪತ್ರಿಕೆಯಲ್ಲಿ ನಿಶ್ಚಯವಾಗಿರುತ್ತದೆ. ಗುರುಗಳು ಹತ್ತು ಸಲ ಹೊರಗೆ ಬಂದು “ಸಮಯವಾಯಿತೇ?” ಎಂದು ವಿಚಾರಿಸುವುದಿಲ್ಲ, ಗಂಟೆಯೇ ಅವರನ್ನು ಕರೆಯುತ್ತದೆ. ಹಾಗೆಯೇ ಓದುವ ಕ್ರಮವಿಧಿಯು ದಾಖಲೆಯನ್ನು ಓದುತ್ತ ಹೋಗಿ, “ಹೆಸರು ಆರಂಭವಾಯಿತು”, “ಅಕ್ಷರಗಳು ಬಂದವು”, “ಹೆಸರು ಮುಗಿಯಿತು” ಎಂದು ಒಂದೊಂದು ಘಟನೆಗೂ ಗಂಟೆ ಬಾರಿಸುತ್ತದೆ. ಪ್ರತಿಯೊಂದು ಗಂಟೆಗೆ ಏಳಬೇಕಾದ ಕೆಲಸಗಾರನನ್ನು ನಾವು ಮೊದಲೇ ಬರೆದು ನಿಯಮಿಸಿರಬೇಕು. ಇದಕ್ಕೆ ಅವರ ಪರಿಭಾಷೆಯಲ್ಲಿ ಕಾಲ್‌ಬ್ಯಾಕ್ ಎಂದು ಹೆಸರು; ಮರುಕರೆ ಎನ್ನೋಣ. ಈ ಮಾರ್ಗಕ್ಕೆ ಸ್ಯಾಕ್ಸ್ ಎಂಬ ಸರ್ವಸಮ್ಮತ ರೂಪವು ಡೇವಿಡ್ ಮೆಗಿನ್‌ಸನ್ ಎಂಬವರ ಮುಂದಾಳುತನದಲ್ಲಿ, ಹಲವರ ಕೂಡು ದುಡಿಮೆಯಿಂದ, 1998ರ ಮೇ ತಿಂಗಳಲ್ಲಿ ಹೊರಬಂದಿತು. ಜೇಮ್ಸ್ ಕ್ಲಾರ್ಕ್ ಎಂಬವರು ರಚಿಸಿದ ಎಕ್ಸ್‌ಪ್ಯಾಟ್ ಎಂಬ ಓದುಗ ತಂತ್ರಾಂಶವೂ ಇದೇ ಜಾತಿಯದು. ಪೈಥಾನ್ ಭಾಷೆಯಲ್ಲಿ ಇಂದಿಗೂ ಅದೇ ಗಂಟೆ ಬಾರಿಸುತ್ತಿದೆ.

ನಮ್ಮ ಹಳೆಯ ವಿದ್ಯಾರ್ಥಿಯು ಈ ಮಾರ್ಗವನ್ನು ಹಿಡಿದುದಕ್ಕೆ ಕಾರಣವಿತ್ತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಲೇಖನಗಳೆಲ್ಲವೂ ಇಂಥದೇ ಗುರುತು ಹಚ್ಚಿದ ದೊಡ್ಡ ಕಟ್ಟಾಗಿ ಯಾರಿಗಾದರೂ ದೊರೆಯುತ್ತವೆ. ಅದನ್ನು ಆತನು ನಮ್ಮ ಶಾಲೆಯ ಹಳೆಯ ಯಂತ್ರದಲ್ಲಿ ಮರವಾಗಿ ನಿಲ್ಲಿಸಲು ಹೋದಾಗ ಯಂತ್ರವು ಉಸಿರು ಕಟ್ಟಿ ನಿಂತಿತು. ಮೆರವಣಿಗೆಯಾಗಿ ಬಿಟ್ಟಾಗ ಸುಗಮವಾಗಿ ಸಾಗಿತು. ಆ ಉತ್ಸಾಹದಲ್ಲಿ ರಜಿಸ್ಟರಿಗೂ ಅದೇ ಉಪಾಯವನ್ನು ಬಳಸಿದನು.

ತಪ್ಪು ಅಡಗಿದ್ದುದು ಇಲ್ಲಿ. ಓದುವ ಕ್ರಮವಿಧಿಯು ಕಡತವನ್ನು ಒಂದೇ ಗುಟುಕಿಗೆ ಕುಡಿಯುವುದಿಲ್ಲ. ಸುಮಾರು 64 ಕಿಲೋಬೈಟಿನ ಗುಟುಕುಗಳಾಗಿ ಕುಡಿಯುತ್ತದೆ. ಯಂತ್ರದ ಸಾಮಾನ್ಯ ಲಿಪಿವ್ಯವಸ್ಥೆಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟುಗಳು. ‘ಸಿದ್ಧರಾಮ’ ಎಂಬುದು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯಂತ್ರಕ್ಕೆ ಸ, ಗುಡಿಸು, ದ, ಅರ್ಧಾಕ್ಷರದ ಚಿಹ್ನೆ, ಧ, ರ, ದೀರ್ಘ, ಮ ಎಂದು ಎಂಟು ಸಂಕೇತ, 24 ಬೈಟು. ಒಂದು ಗುಟುಕು ಹೆಸರಿನ ನಡುವೆ ಮುಗಿದರೆ “ಅಕ್ಷರಗಳು ಬಂದವು” ಎಂಬ ಗಂಟೆಯು ಎರಡು ಸಲ ಬಾರಿಸುತ್ತದೆ: ಮೊದಲು ‘ಸಿದ್’, ಅನಂತರ ‘ಧರಾಮ’. ಒಂದು ಸಂಕೇತದ ಮೂರು ಬೈಟುಗಳನ್ನು ಅದು ಒಡೆಯದು; ಆದರೆ ಒತ್ತಕ್ಷರವನ್ನು ಒಡೆಯಬಾರದೆಂಬ ವ್ಯಾಕರಣ ಅದಕ್ಕೆ ತಿಳಿಯದು. ಅಕ್ಷರಗಳನ್ನು ಎಷ್ಟು ಕಂತುಗಳಲ್ಲಿ ಒಪ್ಪಿಸಬೇಕೆಂಬ ಬಗ್ಗೆ ಅದು ಯಾವ ವಚನವನ್ನೂ ಕೊಟ್ಟಿಲ್ಲ. ಆದುದರಿಂದ ಇದು ಗಂಟೆಯ ದೋಷವಲ್ಲ.

ನಮ್ಮ ವಿದ್ಯಾರ್ಥಿಯ ಕೆಲಸಗಾರನು ಗಂಟೆ ಬಾರಿಸಿದೊಡನೆ ಬಂದುದನ್ನೇ ಪೂರ್ಣ ಹೆಸರೆಂದು ಬರೆದುಕೊಂಡನು. ಎರಡನೆಯ ಗಂಟೆಗೆ ಮೊದಲಿನದನ್ನು ಅಳಿಸಿ ಹೊಸದನ್ನು ಬರೆದನು. ಹೀಗೆ ಸಿದ್ಧರಾಮನು ಧರಾಮನಾಗಿ, ಸಕಾರದ ಪುಟವನ್ನು ಬಿಟ್ಟು ಧಕಾರದ ಪುಟಕ್ಕೆ ಹೋದನು. ಆ ತಾಯಿಯ ಹೆಸರನ್ನು ಇಲ್ಲಿ ಅಚ್ಚು ಹಾಕಿಸುವುದು ಸಲ್ಲದು. ಅದಕ್ಕೂ ಇದೇ ಗತಿಯಾಗಿತ್ತು. ಸಾವಿರಾರು ಹೆಸರುಗಳಲ್ಲಿ ಕೆಟ್ಟವು ಏಳು ಮಾತ್ರ. ಏಳೇ ಆದುದರಿಂದಲೇ ನಮ್ಮಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಪರೀಕ್ಷೆಗೆಂದು ಆತನು ಬಳಸಿದ ಹತ್ತು ಸಾಲಿನ ಚಿಕ್ಕ ಕಡತವು ಒಂದೇ ಗುಟುಕಿನಲ್ಲಿ ಮುಗಿಯುತ್ತಿದ್ದುದರಿಂದ ಅಲ್ಲಿಯೂ ದೋಷ ತೋರಲಿಲ್ಲ.

ಡಿ.ಎಡ್. ತರಬೇತಿಯಲ್ಲಿ ನಮಗೆ ಉಕ್ತಲೇಖನವನ್ನು ಕಲಿಸುವಾಗ ಗುರುಗಳು ಹೇಳುತ್ತಿದ್ದರು: ನೀವು ಉಸಿರಿಗಾಗಿ ನಿಂತ ಸ್ಥಳವನ್ನು ಮಗುವು ಪೂರ್ಣವಿರಾಮವೆಂದು ತಿಳಿಯದಂತೆ ನೋಡಿಕೊಳ್ಳಿರಿ. ಪರಿಹಾರವೂ ಇಷ್ಟೇ. “ಹೆಸರು ಆರಂಭವಾಯಿತು” ಎಂಬ ಗಂಟೆಗೆ ಖಾಲಿ ಬಟ್ಟಲನ್ನು ಇಡಬೇಕು. “ಅಕ್ಷರಗಳು ಬಂದವು” ಎಂದಾಗಲೆಲ್ಲ, ಅದು ಒಂದು ಸಲವಿರಲಿ ಹತ್ತು ಸಲವಿರಲಿ, ಬಟ್ಟಲಿಗೆ ಕೂಡಿಸುತ್ತ ಹೋಗಬೇಕು. “ಹೆಸರು ಮುಗಿಯಿತು” ಎಂಬ ಗಂಟೆಯಾದ ಮೇಲೆಯೇ ಬಟ್ಟಲನ್ನು ಎತ್ತಬೇಕು. ಅಂಕಿತ ಬರುವ ಮುನ್ನ ವಚನವು ಮುಗಿಯಿತೆನ್ನಬಾರದು.

ಈ ಮಾರ್ಗದಲ್ಲಿ ನಡೆಯುವವರು ಇನ್ನೂ ಎರಡು ಎಚ್ಚರಿಕೆಗಳನ್ನು ವಹಿಸಬೇಕು. ಗಂಟೆಯು “ಹೆಸರು” ಎಂದಷ್ಟೇ ಕೂಗುತ್ತದೆ. ಅದು ವಿದ್ಯಾರ್ಥಿಯ ಹೆಸರೋ ತಂದೆಯದೋ ಎಂಬುದನ್ನು ಕೆಲಸಗಾರನೇ ನೆನಪಿಡಬೇಕು. ತೆರೆದ ಬಾಗಿಲುಗಳನ್ನು ಒಂದರ ಮೇಲೊಂದು ಬರೆದಿಟ್ಟು, ಮುಚ್ಚಿದಂತೆ ಮೇಲಿನಿಂದ ಅಳಿಸುತ್ತ ಹೋಗುವುದೇ ಇದಕ್ಕೆ ಉಪಾಯ. ಎರಡನೆಯದಾಗಿ, ಕಡತದ ಕೊನೆಯಲ್ಲಿ ಒಂದು ಬಾಗಿಲು ಮುಚ್ಚದೆ ಉಳಿದಿದ್ದರೆ, ಮರ ಕಟ್ಟುವವನು ಇಡೀ ಕಡತವನ್ನೇ ನಿರಾಕರಿಸುತ್ತಾನೆ. ಮೆರವಣಿಗೆ ನೋಡುವವನಿಗೆ ಆ ತಪ್ಪು ತಿಳಿಯುವುದು ಕೊನೆಯಲ್ಲಿ. ಅಷ್ಟರಲ್ಲಿ ಮುಂಚಿನ ಕೆಲಸವೆಲ್ಲ ನಡೆದುಹೋಗಿರುತ್ತದೆ. ಆದುದರಿಂದ ಪೂರ್ಣ ಓದಿ ಮುಗಿಯುವವರೆಗೆ ಫಲಿತಾಂಶವನ್ನು ಪ್ರಕಟಿಸಬಾರದು. ಇದು ಪರೀಕ್ಷಾ ಮಂಡಳಿಗಳೂ ಬಲ್ಲ ನಿಯಮ.

ಹಾಗಾದರೆ ನಮ್ಮ ರಜಿಸ್ಟರಿಗೆ ಈ ಮಾರ್ಗವೇ ಬೇಕಾಗಿತ್ತೇ? ಇರಲಿಲ್ಲ. ಒಂದು ಶಾಲೆಯ ಹೆಸರುಗಳ ಮರಕ್ಕೆ ಹಳೆಯ ಯಂತ್ರದ ಅಂಗಳವೂ ಸಾಕಾಗುತ್ತಿತ್ತು. ಜಾತ್ರೆಗೆ ತಕ್ಕ ಉಪಾಯವನ್ನು ಮನೆಯ ಮುಂಜಿವೆಗೆ ಬಳಸಿದುದು ಹುಡುಗನ ಉತ್ಸಾಹ. ಅದನ್ನು ಆತನೇ ಒಪ್ಪಿ, ತಲೆ ತಗ್ಗಿಸಿ ಕುಳಿತನು. ಆದರೆ ವಾಚಕರೇ, ಆತನಿಗಿಂತ ದೊಡ್ಡ ತಪ್ಪು ನಮ್ಮದೇ. ಆತನ ಕೆಲಸಗಾರನು ಅರ್ಧ ಹೆಸರನ್ನು ಪೂರ್ಣವೆಂದು ನಂಬಿದನು. ನಾವು ಸೂಚಿಯನ್ನೇ ರಜಿಸ್ಟರೆಂದು ನಂಬಿದೆವು. ಎದುರಿಗೆ ನಿಂತ ತಾಯಿಯ ಮಾತಿಗಿಂತ ಪರದೆಯ ಮೌನವು ನಮಗೆ ಹೆಚ್ಚಾಯಿತು.

ಮರುದಿನ ಮೊದಲ ಬಸ್ಸಿಗೆ ನಾವೇ ಸೊಲ್ಲಾಪುರಕ್ಕೆ ಹೋದೆವು. ಎರಡು ಓಣಿ ತಿರುಗಿ ಮನೆ ಹುಡುಕಿ, ದಾಖಲೆಯನ್ನು ಆಕೆಯ ಕೈಗಿತ್ತು ಕ್ಷಮೆ ಬೇಡಿದೆವು. ಬೀಡಿಯ ಮೊರವನ್ನು ಬದಿಗಿಟ್ಟು, ಆಕೆ ಬೆರಳಿನಿಂದ ತಮ್ಮ ಹೆಸರನ್ನು ನಿಧಾನವಾಗಿ ಅಕ್ಷರ ಅಕ್ಷರವಾಗಿ ಓದಿದರು. ಒತ್ತಕ್ಷರದ ಬಳಿ ಒಂದು ಕ್ಷಣ ನಿಂತು, ಕೂಡಿಸಿಕೊಂಡು, ಮುಂದೆ ಹೋಗಿ, ಪೂರ್ತಿ ಮಾಡಿದರು. ನಾಲ್ಕನೆಯ ಇಯತ್ತೆಯ ಆ ಓದನ್ನು ನಮ್ಮ ಯಂತ್ರವು ಕಲಿತುದು ಈ ವರ್ಷವಷ್ಟೇ.

ಈಗ ಸೂಚಿಯು ತಿದ್ದಲ್ಪಟ್ಟಿದೆ. ಆದರೂ ಸಹೋದ್ಯೋಗಿ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ: ಯಂತ್ರವು ‘ಇಲ್ಲ’ ಎಂದಾಗ ಕಪಾಟಿನ ಬೀಗವನ್ನು ಒಮ್ಮೆ ತೆಗೆಯಿರಿ. ಏಳು ಹೆಸರುಗಳ ಪೈಕಿ ಉಳಿದ ಆರು ಮಂದಿಯನ್ನು ನಾವು ಇನ್ನೂ ಹುಡುಕುತ್ತಿದ್ದೇವೆ.